ಹಾಸಿಗೆಯ ಬಳಿಯ ಮಾತು ಬೀದಿಗೆ ಬಾರದಿರಲಿ

ಕಳೆದ ವರ್ಷ ಮಳೆಗಾಲ ಆರಂಭವಾದ ದಿನಗಳಲ್ಲಿ ಒಂದು ಬೆಳಿಗ್ಗೆ, ಬಲಿಪೂಜೆ ಮುಗಿದು ಜನರೆಲ್ಲ ಮನೆಗೆ ತೆರಳಿದ ಮೇಲೂ, ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ದೇವಾಲಯದ ಕೊನೆಯ ಬೆಂಚಿನಲ್ಲಿ ಒಬ್ಬರೇ ಕುಳಿತಿದ್ದರು. ನಾವು ಹತ್ತಿರ ಹೋಗಿ ಮಾತನಾಡಿಸಿದಾಗ ಅವರು ಕೈಚೀಲದಿಂದ ಮೊಬೈಲ್ ಫೋನನ್ನು ತೆಗೆದು ಒಂದು ಚಿತ್ರವನ್ನು ತೋರಿಸಿದರು. ಮೇ ೧೨ರ ವಿಶ್ವ ದಾದಿಯರ ದಿನದಂದು ಆಸ್ಪತ್ರೆಯೊಂದರ ವಾರ್ಡಿನಲ್ಲಿ ತೆಗೆದ ಚಿತ್ರ ಅದು. ಆರೇಳು ಮಂದಿ ಯುವ ದಾದಿಯರು ಕೇಕ್ ಕತ್ತರಿಸುತ್ತಿದ್ದರು. ಎಲ್ಲರ ಮುಖದಲ್ಲಿಯೂ ಹರ್ಷ. ಅವರ ಹಿಂದಿನ ಗೋಡೆಯ ಮೇಲೆ ಒಂದು ಬಿಳಿ ಹಲಗೆ. ಹಲಗೆಯ ಮೇಲೆ ಹಾಸಿಗೆಯ ಸಂಖ್ಯೆ, ರೋಗಿಯ ಹೆಸರು, ರೋಗದ ಹೆಸರು. ನಾಲ್ಕನೆಯ ಸಾಲಿನಲ್ಲಿ ಆ ತಾಯಿಯ ಹೆಸರಿತ್ತು.

ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದವಳು ನೆರೆಯ ಧರ್ಮಕೇಂದ್ರದ ಒಬ್ಬ ಹುಡುಗಿ. ಅವಳ ಬಂಧುಗಳು ಅಭಿಮಾನದಿಂದ ಅದನ್ನು ನಾಲ್ಕು ಕಡೆ ಹಂಚಿದರು. ಹಂಚುತ್ತಾ ಹಂಚುತ್ತಾ ಅದು ನಮ್ಮ ಧರ್ಮಕೇಂದ್ರದ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿತು. ಅಲ್ಲಿ ಯಾರೋ ಒಬ್ಬರು ಚಿತ್ರವನ್ನು ದೊಡ್ಡದು ಮಾಡಿ, ಹಲಗೆಯ ನಾಲ್ಕನೆಯ ಸಾಲಿಗೆ ಕೆಂಪು ಗೆರೆ ಎಳೆದು, ‘ಇವರು ನಮ್ಮವರಲ್ಲವೇ?’ ಎಂದು ಬರೆದು ಮತ್ತೊಬ್ಬರಿಗೆ ಕಳುಹಿಸಿದರು. ಮೂರೇ ದಿನಗಳಲ್ಲಿ, ದೂರದ ನಗರದಲ್ಲಿ ಕೆಲಸದಲ್ಲಿದ್ದ ಆ ತಾಯಿಯ ಮಗಳಿಗೆ ಅಮ್ಮನ ಕಾಯಿಲೆಯ ಸುದ್ದಿ ಪರರ ಬಾಯಿಂದ ತಿಳಿಯಿತು. ಅವಳ ಮದುವೆಯ ಮಾತುಕತೆ ನಡೆಯುತ್ತಿದ್ದ ಸಮಯ ಅದು. ಮಾತುಕತೆ ಮುಗಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಹೇಳಬೇಕೆಂದು ಆ ತಾಯಿ ಕಾದಿದ್ದರು. ಆ ಅವಕಾಶ ಅವರಿಗೆ ದೊರೆಯಲಿಲ್ಲ. ಗಂಡಿನ ಮನೆಯವರ ಫೋನ್ ಕರೆಗಳೂ ನಿಂತುಹೋದವು.

ಆ ಕಾಯಿಲೆ ಯಾವುದೆಂದು ನಾವು ಇಲ್ಲಿ ಬರೆಯುವುದಿಲ್ಲ. ಇದನ್ನು ಅಚ್ಚಿಗೆ ಕಳುಹಿಸುವ ಮುನ್ನ ಆ ತಾಯಿಗೆ ಪೂರ್ತಿಯಾಗಿ ಓದಿ ಹೇಳಿ ಅವರ ಒಪ್ಪಿಗೆಯನ್ನು ಪಡೆದಿದ್ದೇವೆ. ಅವರನ್ನು ಗುರುತಿಸಲು ನೆರವಾಗುವ ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇವೆ. ಅಂದು ಅವರು ನಮಗೆ ಕೇಳಿದ ಪ್ರಶ್ನೆಯನ್ನು ಮಾತ್ರ ಬದಲಿಸಿಲ್ಲ: “ಫಾದರ್, ತಪ್ಪು ಯಾರದು? ಚಿತ್ರ ಹಾಕಿದ ಆ ಹುಡುಗಿಯದೋ, ಹಲಗೆಯನ್ನು ದೊಡ್ಡದು ಮಾಡಿ ಓದಿದವರದೋ?”

ಪ್ರಿಯ ಬಂಧುಗಳೇ, ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಆಸ್ಪತ್ರೆಯ ನಂಟಿಲ್ಲದ ಮನೆ ವಿರಳ. ಒಂದು ಮನೆಯಲ್ಲಿ ಮಗಳು ದಾದಿ, ಇನ್ನೊಂದರಲ್ಲಿ ಮಗ ವೈದ್ಯ, ಮತ್ತೊಂದರಲ್ಲಿ ಸೊಸೆ ಕೊಲ್ಲಿ ರಾಷ್ಟ್ರದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಅವರೆಲ್ಲರ ಜೇಬಿನಲ್ಲಿಯೂ ಒಂದು ಫೋನು, ಫೋನಿನಲ್ಲಿ ಒಂದು ಕ್ಯಾಮೆರಾ. ಆದುದರಿಂದ ವೈದ್ಯಕೀಯ ವೃತ್ತಿಯಲ್ಲಿರುವವರು ಸಾಮಾಜಿಕ ಜಾಲತಾಣಗಳನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆ ವೈದ್ಯರ ಸಭೆಗಳಿಗೆ ಮಾತ್ರ ಸೇರಿದುದಲ್ಲ. ಅದು ನಮ್ಮ ಊಟದ ಮೇಜಿನ ಸುತ್ತ ಚರ್ಚೆಯಾಗಬೇಕಾದ ವಿಷಯವೂ ಹೌದು.

ಹಳೆಯ ಪ್ರತಿಜ್ಞೆ, ಹೊಸ ಕಿಟಕಿ

ರೋಗಿಯ ಗುಟ್ಟನ್ನು ಕಾಯುವ ಕರ್ತವ್ಯ ಫೋನಿನೊಂದಿಗೆ ಹುಟ್ಟಿದುದಲ್ಲ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದಿರುವ, ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಪ್ರತಿಜ್ಞೆಯಲ್ಲಿ ವೈದ್ಯನು ಚಿಕಿತ್ಸೆಯ ವೇಳೆಯಲ್ಲಿ ಮಾತ್ರವಲ್ಲದೆ ಅದರ ಹೊರಗೆ ಕಂಡು ಕೇಳಿದ ವಿಷಯಗಳಲ್ಲಿಯೂ ಹೊರಗೆಡಹಬಾರದವನ್ನು ತನ್ನಲ್ಲಿಯೇ ಇರಿಸಿಕೊಳ್ಳುವೆನೆಂದು ಮಾತು ಕೊಡುತ್ತಾನೆ. ನಮ್ಮ ದೇಶದ ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ಶಿಷ್ಯನಿಗೆ ಉಪದೇಶಿಸುವಾಗ, ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಕೂಡದೆಂದು ವಿಧಿಸುತ್ತಾನೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೮ರಲ್ಲಿ, ವಿಶ್ವ ವೈದ್ಯಕೀಯ ಸಂಘವು ಜಿನೀವಾ ಘೋಷಣೆಯನ್ನು ರೂಪಿಸಿತು. ೨೦೧೭ರಲ್ಲಿ ಪರಿಷ್ಕರಿಸಲಾದ ಅದರ ಪಾಠದಲ್ಲಿ ರೋಗಿಯು ಸತ್ತ ಮೇಲೂ ಅವನ ಗುಟ್ಟನ್ನು ಗೌರವಿಸಬೇಕೆಂಬ ಮಾತಿದೆ. ಇನ್ನು ನಮ್ಮ ಮನೆಯ ಹೆಣ್ಣುಮಕ್ಕಳು ನರ್ಸಿಂಗ್ ಕಾಲೇಜು ಸೇರಿದಾಗ ನಡೆಯುವ ದೀಪ ಬೆಳಗುವ ಸಮಾರಂಭವನ್ನು ನೆನೆಯಿರಿ. ಬಿಳಿಯ ಸಮವಸ್ತ್ರ, ಕೈಯಲ್ಲಿ ದೀಪ, ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುವ ತಂದೆತಾಯಿ. ಆ ಹೊತ್ತಿನಲ್ಲಿ ಅವರು ಉಚ್ಚರಿಸುವ ನೈಟಿಂಗೇಲ್ ಪ್ರತಿಜ್ಞೆ ೧೮೯೩ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚಿತವಾದುದು. ತಮಗೆ ಒಪ್ಪಿಸಲಾದ ಖಾಸಗಿ ವಿಷಯಗಳನ್ನು ಕಾಪಾಡುವ ವಚನ ಅದರಲ್ಲಿಯೂ ಇದೆ.

ಇಷ್ಟೆಲ್ಲ ಯುಗಗಳೂ ದೇಶಗಳೂ ಒಂದೇ ಮಾತನ್ನು ಹೇಳಿರುವುದೇಕೆ? ಕಾರಣ ಸರಳ. ತನ್ನ ಗುಟ್ಟು ಹೊರಗೆ ಹೋಗುವುದೆಂಬ ಭಯವಿರುವ ರೋಗಿ ವೈದ್ಯರಲ್ಲಿ ಸತ್ಯವನ್ನು ಹೇಳುವುದಿಲ್ಲ. ಸತ್ಯ ತಿಳಿಯದ ವೈದ್ಯರು ಸರಿಯಾದ ಔಷಧಿ ಕೊಡಲಾರರು. ಕುಡಿತವನ್ನು ಮುಚ್ಚಿಟ್ಟವನಿಗೆ, ಗರ್ಭವನ್ನು ಮುಚ್ಚಿಟ್ಟವಳಿಗೆ, ಹಳೆಯ ಕ್ಷಯವನ್ನು ಮುಚ್ಚಿಟ್ಟವನಿಗೆ ಕೊಟ್ಟ ಮದ್ದು ವಿಷವಾಗಲೂಬಹುದು. ಕೆಲವರಂತೂ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ೧೮೮೦ರಲ್ಲಿ ಆಲದ ಮರದಡಿಯಲ್ಲಿ ಔಷಧಿ ಕೊಡಲಾರಂಭಿಸಿದ ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆದರು. ರೋಗದ ಹೆಸರು ಹೊರಬಿದ್ದ ಮಾತ್ರಕ್ಕೆ ಮನೆಯಿಂದ, ಊರಿನಿಂದ, ಬಾವಿಕಟ್ಟೆಯಿಂದ ಮನುಷ್ಯರನ್ನು ಹೊರಗಟ್ಟುತ್ತಿದ್ದ ಕಾಲ ಅದು. ಇಂದು ಬಾವಿಕಟ್ಟೆಯ ಜಾಗದಲ್ಲಿ ವಾಟ್ಸ್‌ಆ್ಯಪ್ ಗುಂಪು ಬಂದಿದೆ. ಹೊರಗಟ್ಟುವ ಮನಸ್ಸು ಪೂರ್ತಿ ಹೋಗಿದೆಯೆಂದು ಎದೆ ತಟ್ಟಿ ಹೇಳಬಲ್ಲೆವೇ?

ಗುಟ್ಟಿನ ಮೂರು ಬಗೆ

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಅಭ್ಯಸಿಸುವಾಗ ಗುಟ್ಟಿನಲ್ಲಿ ಮೂರು ಬಗೆಗಳಿವೆಯೆಂದು ಕಲಿತಿದ್ದೆವು. ಮೊದಲನೆಯದು ಸ್ವಾಭಾವಿಕ ಗುಟ್ಟು. ಅದನ್ನು ಹೇಳಿದರೆ ಮತ್ತೊಬ್ಬರಿಗೆ ನೋವಾಗುವುದೆಂಬ ಕಾರಣಕ್ಕಾಗಿಯೇ, ಯಾರೂ ಮಾತು ತೆಗೆದುಕೊಳ್ಳದಿದ್ದರೂ, ನಾವು ಅದನ್ನು ಕಾಯಬೇಕು. ಎರಡನೆಯದು ವಾಗ್ದತ್ತ ಗುಟ್ಟು. ಕೇಳಿದ ಮೇಲೆ ‘ಹೇಳುವುದಿಲ್ಲ’ ಎಂದು ಮಾತು ಕೊಟ್ಟದ್ದು. ಮೂರನೆಯದು ಒಪ್ಪಿಸಲಾದ ಗುಟ್ಟು. ಕಾಯುವರೆಂಬ ನಂಬಿಕೆಯಿದ್ದುದರಿಂದಲೇ ಹೇಳಲಾದದ್ದು. ವೈದ್ಯರ, ವಕೀಲರ ಬಳಿ ನಾವು ತೆರೆದಿಡುವ ವಿಷಯ ಈ ಮೂರನೆಯ ಬಗೆಗೆ ಸೇರಿದೆ. ಇಲ್ಲಿ ಗುಟ್ಟು ಕೇಳಿದವರ ಸ್ವತ್ತಲ್ಲ. ಅದು ಬ್ಯಾಂಕಿನಲ್ಲಿ ಅಡವಿಟ್ಟ ಒಡವೆಯಂತೆ. ಬ್ಯಾಂಕಿನ ಗುಮಾಸ್ತ ಆ ಒಡವೆಯನ್ನು ತೊಟ್ಟುಕೊಂಡು ಹಬ್ಬಕ್ಕೆ ಹೋಗಲಾದೀತೇ?

೧೯೯೨ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ ೨೪೯೧ನೆಯ ಪರಿಚ್ಛೇದದಲ್ಲಿ ವೈದ್ಯರ ಗುಟ್ಟನ್ನು ಹೆಸರಿಸಿಯೇ, ಅದನ್ನು ಕಾಯತಕ್ಕದ್ದೆಂದು ವಿಧಿಸುತ್ತದೆ. ಆದರೆ ಪಾಪನಿವೇದನೆಯ ಮುದ್ರೆಗೂ ವೈದ್ಯರ ಗುಟ್ಟಿಗೂ ವ್ಯತ್ಯಾಸವಿದೆ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ. ವೈದ್ಯರ ಗುಟ್ಟಿಗೆ ವಿರಳವಾದ ವಿನಾಯಿತಿಗಳುಂಟು: ಮೌನದಿಂದ ರೋಗಿಗೋ, ವೈದ್ಯರಿಗೋ, ಮೂರನೆಯವರಿಗೋ ಘೋರವಾದ ಹಾನಿ ಖಂಡಿತವಾಗಿದ್ದು, ಬಾಯ್ದೆರೆಯದೆ ಬೇರೆ ದಾರಿಯೇ ಇಲ್ಲದಿದ್ದಾಗ. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ವೃತ್ತಿ ನಡವಳಿಕೆಯ ನಿಯಮಗಳೂ ಇಂತಹ ಮಾತನ್ನೇ ಹೇಳುತ್ತವೆ. ನ್ಯಾಯಾಧೀಶರು ಆಜ್ಞಾಪಿಸಿದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದ್ದಾಗ ಮಾತ್ರ ಹೇಳಬಹುದು. ‘ಚಿತ್ರ ಚೆನ್ನಾಗಿ ಬಂದಿತ್ತು’ ಎಂಬುದು ಆ ವಿನಾಯಿತಿಗಳಲ್ಲಿ ಸೇರಿಲ್ಲ.

ಕಾನೂನು ಏನನ್ನುತ್ತದೆ

೨೦೦೨ರ ಅದೇ ನಿಯಮಗಳ ಪ್ರಕಾರ, ಗುರುತು ಸಿಗುವ ರೀತಿಯಲ್ಲಿ ರೋಗಿಯ ಛಾಯಾಚಿತ್ರವನ್ನಾಗಲಿ ರೋಗವೃತ್ತಾಂತವನ್ನಾಗಲಿ ಅವರ ಅನುಮತಿಯಿಲ್ಲದೆ ಯಾವ ಪತ್ರಿಕೆಯಲ್ಲಿಯೂ ಪ್ರಕಟಿಸುವಂತಿಲ್ಲ. ೨೦೨೩ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಗಳನ್ನು ಪ್ರಕಟಿಸಿದಾಗ ಸಾಮಾಜಿಕ ಜಾಲತಾಣಗಳಿಗೆಂದೇ ಒಂದು ಮಾರ್ಗಸೂಚಿಯನ್ನು ಸೇರಿಸಿತ್ತು. ಸಾರ್ವಜನಿಕ ತಾಣದಲ್ಲಿ ರೋಗಿಯ ಚಿಕಿತ್ಸೆಯನ್ನು ಚರ್ಚಿಸಬಾರದು, ರೋಗಿಯ ಚಿತ್ರವನ್ನೂ ಸ್ಕ್ಯಾನ್ ಚಿತ್ರವನ್ನೂ ಹಾಕಬಾರದು, ಹಣ ಕೊಟ್ಟು ‘ಲೈಕ್’ಗಳನ್ನು ಕೊಳ್ಳಬಾರದು ಎಂದೆಲ್ಲ ಅದರಲ್ಲಿತ್ತು. ಜನೆರಿಕ್ ಔಷಧಿಗಳನ್ನೇ ಬರೆಯಬೇಕೆಂಬಂತಹ ಬೇರೆ ಅಂಶಗಳಿಗೆ ವೈದ್ಯರ ಸಂಘಟನೆಗಳಿಂದ ವಿರೋಧ ಬಂದುದರಿಂದ ಅದೇ ತಿಂಗಳು ಆ ನಿಯಮಾವಳಿಯನ್ನು ತಡೆಹಿಡಿದು ೨೦೦೨ರ ನಿಯಮಗಳನ್ನೇ ಮತ್ತೆ ಜಾರಿಗೆ ತರಲಾಯಿತು. ಮಾರ್ಗಸೂಚಿ ತಡೆಯಲ್ಪಟ್ಟರೂ ಅದರ ವಿವೇಕಕ್ಕೆ ತಡೆಯಿಲ್ಲವೆಂಬುದು ನಮ್ಮ ನಂಬಿಕೆ.

ಎಚ್‌ಐವಿ ಮತ್ತು ಏಡ್ಸ್ ಕುರಿತ ೨೦೧೭ರ ಅಧಿನಿಯಮವು ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು, ಕಾನೂನು ಹೇಳಿದ ಸಂದರ್ಭಗಳ ಹೊರತು, ನಿಷೇಧಿಸುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯ ಅಧಿನಿಯಮವು ಮಾನಸಿಕ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನೋ ವಿವರವನ್ನೋ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು ಹೇಳಿದೆ. ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನ ನೀಡಿದ ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆ ಅರ್ಜಿಯನ್ನು ಸಲ್ಲಿಸಿದ್ದರು. ೨೦೨೪ರಲ್ಲಿ ತೀರಿಕೊಂಡ ಆ ಹಿರಿಯರನ್ನು ಕನ್ನಡಿಗರಾದ ನಾವು ಕೃತಜ್ಞತೆಯಿಂದ ನೆನೆಯಬೇಕು.

ನಮ್ಮ ರಾಜ್ಯದಲ್ಲಿಯೇ ೨೦೨೪ರ ಫೆಬ್ರವರಿಯಲ್ಲಿ ಎರಡು ಪ್ರಕರಣಗಳು ಸುದ್ದಿಯಾದವು. ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿವಾಹಪೂರ್ವ ಚಿತ್ರೀಕರಣ ನಡೆಸಿದ ಗುತ್ತಿಗೆ ವೈದ್ಯರೊಬ್ಬರನ್ನು ಸೇವೆಯಿಂದ ತೆಗೆಯಲಾಯಿತು. ಗದಗದಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಚಿತ್ರೀಕರಿಸಿದ ೩೮ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಶಿಸ್ತುಕ್ರಮ ಜರುಗಿತು. ಅವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ರೋಗಿ ನರಳುವ ಸ್ಥಳವು ನಾಟಕದ ರಂಗಸ್ಥಳವಾಗಬಾರದೆಂಬ ಅರಿವನ್ನು ಕ್ಯಾಮೆರಾ ಎಷ್ಟು ಸುಲಭವಾಗಿ ಮರೆಸುತ್ತದೆ ಎಂಬುದನ್ನಷ್ಟೇ ಗಮನಿಸಬೇಕು.

ವಿದೇಶಗಳಲ್ಲಿರುವ ನಮ್ಮ ಮಕ್ಕಳು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಅರಬ್ ಸಂಯುಕ್ತ ಸಂಸ್ಥಾನದ ೨೦೨೧ರ ಸೈಬರ್ ಅಪರಾಧ ಕಾನೂನಿನಲ್ಲಿ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದಕ್ಕೆ ಸೆರೆವಾಸವೂ ಭಾರೀ ದಂಡವೂ ಇವೆ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ೨೦೧೩ರಲ್ಲಿಯೇ ವೈದ್ಯರ ಜಾಲತಾಣ ಬಳಕೆಗೆ ಮಾರ್ಗದರ್ಶನ ನೀಡಿ, ೨೦೨೪ರಲ್ಲಿ ಅದನ್ನು ನವೀಕರಿಸಿದೆ. ಸಾಲ ಮಾಡಿ ಮಗಳನ್ನು ಕೊಲ್ಲಿಗೆ ಕಳುಹಿಸಿದ ತಂದೆತಾಯಿ, ‘ವಾರ್ಡಿನಿಂದ ಒಂದು ಫೋಟೋ ಕಳುಹಿಸು ಮಗಾ’ ಎಂದು ಕೇಳುವ ಮುನ್ನ ಇದನ್ನು ನೆನಪಿಡಲಿ.

ಎಚ್ಚರದ ದಾರಿಗಳು

ಹಾಗಾದರೆ ಮಾಡಬೇಕಾದುದೇನು? ವೈದ್ಯರು, ದಾದಿಯರು, ಔಷಧ ವಿತರಕರು, ವೈದ್ಯಕೀಯ ವಿದ್ಯಾರ್ಥಿಗಳು, ಇವರೊಡನೆ ಮಾತನಾಡಿ ನಾವು ಕಂಡುಕೊಂಡ ಕೆಲವು ವಿಚಾರಗಳನ್ನು ಮುಂದಿಡುತ್ತೇವೆ.

ಮೊದಲನೆಯದಾಗಿ, ಚಿಕಿತ್ಸೆ ನಡೆಯುವ ಜಾಗದಲ್ಲಿ ಸ್ವಂತ ಚಿತ್ರಕ್ಕಾಗಿ ಫೋನನ್ನು ಹೊರತೆಗೆಯದಿರುವುದೇ ಕ್ಷೇಮ. ಗೋಡೆಗೂ ಕಿವಿಯುಂಟು ಎಂದು ಹಿರಿಯರು ಹೇಳುತ್ತಿದ್ದರು. ಈಗ ಗೋಡೆಗೆ ಬಾಯಿಯೂ ಬಂದಿದೆ. ಹಲಗೆ, ಕೇಸ್ ಶೀಟ್, ಕಂಪ್ಯೂಟರ್ ಪರದೆ, ಔಷಧಿಯ ಚೀಟಿ, ರೋಗಿಯ ಮಣಿಕಟ್ಟಿನ ಪಟ್ಟಿ, ಹಿಂದಿನ ಹಾಸಿಗೆಯಲ್ಲಿ ಮಲಗಿದವರ ಮುಖ, ಇವೆಲ್ಲ ಚಿತ್ರದಲ್ಲಿ ನುಸುಳುತ್ತವೆ. ಕ್ಯಾಮೆರಾ ನಮ್ಮ ನಗುವನ್ನು ಮಾತ್ರ ನೋಡುವುದಿಲ್ಲ.

ಎರಡನೆಯದಾಗಿ, ಹೆಸರನ್ನು ಅಳಿಸಿದರೆ ಗುರುತು ಅಳಿಯಿತೆಂದು ತಿಳಿಯಬಾರದು. ಎಕ್ಸ್‌ರೇ ಮತ್ತು ಸ್ಕ್ಯಾನ್ ಚಿತ್ರಗಳ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ ಮುದ್ರಿತವಾಗಿರುತ್ತವೆ. ಅವನ್ನು ಮುಚ್ಚಿದರೂ ಹಚ್ಚೆ, ಮಚ್ಚೆ, ಕೊರಳ ಸರ ಗುರುತು ಹೇಳುತ್ತವೆ. ‘ಇಂದು ನಮ್ಮಲ್ಲಿಗೆ ಬಂದ ಐವತ್ತರ ಮೀನುಗಾರನೊಬ್ಬ’ ಎಂದು ಬರೆದರೆ ಬೆಂಗಳೂರಿನ ಓದುಗನಿಗೆ ಅವನು ಅಪರಿಚಿತ. ಆದರೆ ಅದೇ ದಿನ ಆಂಬ್ಯುಲೆನ್ಸ್ ಹೊರಟುದನ್ನು ಕಂಡ ಅವನ ಊರಿನವರಿಗೆ ಹೆಸರು ಬೇಕಿಲ್ಲ. ಫೋನಿನಲ್ಲಿ ತೆಗೆದ ಮೂಲ ಚಿತ್ರದೊಳಗೆ ದಿನಾಂಕ, ಸಮಯ, ಕೆಲವೊಮ್ಮೆ ಸ್ಥಳವೂ ಅಡಗಿರುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು ಒಪ್ಪಿಗೆಯ ವಿಚಾರ. ‘ರೋಗಿಯನ್ನು ಕೇಳಿಯೇ ಹಾಕಿದೆವು’ ಎಂದು ಕೆಲವರು ಹೇಳುತ್ತಾರೆ. ಹಾಸಿಗೆಯಲ್ಲಿ ಮಲಗಿರುವವನು ತನ್ನ ಪ್ರಾಣವನ್ನು ಯಾರ ಕೈಯಲ್ಲಿಟ್ಟಿದ್ದಾನೋ ಅವರೇ ಕೇಳಿದಾಗ ‘ಬೇಡ’ ಎನ್ನಬಲ್ಲನೇ? ಭಯದಿಂದಲೋ ಕೃತಜ್ಞತೆಯಿಂದಲೋ ಆಡಿದ ‘ಆಗಲಿ’ ಸ್ವತಂತ್ರ ಇಚ್ಛೆಯ ಮಾತಲ್ಲ. ಯಾವ ಚಿತ್ರ, ಎಲ್ಲಿ, ಯಾರಿಗಾಗಿ ಎಂಬುದನ್ನು ಅವನ ಭಾಷೆಯಲ್ಲಿ ತಿಳಿಸಿ, ಯೋಚಿಸಲು ಸಮಯ ಕೊಟ್ಟು, ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ಕೊರತೆಯಾಗದೆಂದು ಹೇಳಿ, ಬರವಣಿಗೆಯಲ್ಲಿ ಪಡೆದುದೇ ನಿಜವಾದ ಒಪ್ಪಿಗೆ. ಒಮ್ಮೆ ಜಾಲತಾಣಕ್ಕೆ ಹೋದದ್ದನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯಲಾಗದೆಂಬ ಮಾತನ್ನೂ ಅವನಿಗೆ ತಿಳಿಸಬೇಕು. ಮನುಷ್ಯನನ್ನು ಇನ್ನೊಂದು ಗುರಿಗೆ ಸಾಧನವನ್ನಾಗಿ ಮಾತ್ರ ಬಳಸಬಾರದೆಂದು ತತ್ವಜ್ಞಾನಿ ಕಾಂಟ್ ಬೋಧಿಸಿದನು. ರೋಗಿಯ ನೋವು ನಮ್ಮ ಜನಪ್ರಿಯತೆಯ ಏಣಿಯಾಗುವಲ್ಲಿ ಆ ಬೋಧನೆಯ ಅರ್ಥ ಕಣ್ಣಿಗೆ ಕಟ್ಟುತ್ತದೆ.

ನಾಲ್ಕನೆಯದಾಗಿ, ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗುಂಪು. ತುರ್ತು ಸಮಯದಲ್ಲಿ ಹಿರಿಯ ವೈದ್ಯರ ಸಲಹೆ ಪಡೆಯಲು ಅದು ನೆರವಾಗುತ್ತದೆ, ಜೀವವನ್ನೂ ಉಳಿಸಿರಬಹುದು. ಆದರೂ ಆಸ್ಪತ್ರೆಯು ಒಪ್ಪಿದ ಮಾರ್ಗವಿದ್ದರೆ ಅದನ್ನೇ ಬಳಸುವುದು ಲೇಸು. ಬೇಕಾದಷ್ಟೇ ವಿವರ ಕಳುಹಿಸಬೇಕು, ಹೆಸರು ಬೇಡ. ಕೆಲಸ ಮುಗಿದ ಮೇಲೆ ಚಿತ್ರವನ್ನು ಅಳಿಸಬೇಕು. ಫೋನಿನ ಚಿತ್ರಗಳು ತಾವಾಗಿಯೇ ಇನ್ನೊಂದೆಡೆ ಪ್ರತಿಯಾಗುವ ವ್ಯವಸ್ಥೆ ಇದ್ದರೆ, ಮನೆಯ ಮಕ್ಕಳು ನೋಡುವ ಟ್ಯಾಬ್ಲೆಟ್‌ನಲ್ಲಿಯೂ ಆ ಗಾಯದ ಚಿತ್ರ ಮೂಡಬಹುದು. ಫೋನಿಗೆ ಬೀಗ, ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪರಿಶೀಲನೆ, ಕೆಲಸ ಬಿಟ್ಟವರನ್ನು ಗುಂಪಿನಿಂದ ತೆಗೆಯುವ ಶಿಸ್ತು, ಇವಿಷ್ಟು ಕನಿಷ್ಠ ಎಚ್ಚರಗಳು. ಕಳುಹಿಸುವ ಗುಂಡಿ ಒತ್ತುವ ಮುನ್ನ ಯಾವ ಗುಂಪೆಂದು ಇನ್ನೊಮ್ಮೆ ನೋಡಬೇಕು. ‘ವಾರ್ಡ್ ೩’ ಎಂಬ ಗುಂಪಿನ ಕೆಳಗೆ ‘ವಾಳೆ ೩’ ಇರುವ ಫೋನುಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಐದನೆಯದಾಗಿ, ಜಾಲತಾಣದಲ್ಲಿ ಔಷಧಿ ಹೇಳುವುದು. ಸಕ್ಕರೆ ಕಾಯಿಲೆಯವರು ಪಾದಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಎಲ್ಲರಿಗೂ ತಿಳಿಸುವುದು ಒಳ್ಳೆಯ ಸೇವೆ. ‘ಅಂಕಲ್, ನೀವು ಈ ಮಾತ್ರೆ ನಿಲ್ಲಿಸಿ’ ಎಂದು ಕುಟುಂಬದ ಗುಂಪಿನಲ್ಲಿ ಬರೆಯುವುದು ಬೇರೆಯೇ ಸಂಗತಿ. ೨೦೨೦ರ ಮಾರ್ಚ್ ೨೫ರ ದೂರವೈದ್ಯಕೀಯ ಮಾರ್ಗಸೂಚಿಯು ವಾಟ್ಸ್‌ಆ್ಯಪ್‌ನಂತಹ ಸಾಧನಗಳ ಮೂಲಕ ಚಿಕಿತ್ಸೆಗೆ ಅವಕಾಶ ನೀಡಿದರೂ ಕಟ್ಟುಪಾಡುಗಳನ್ನು ಹಾಕಿದೆ. ವೈದ್ಯರಿಗೂ ರೋಗಿಗೂ ಪರಸ್ಪರ ಗುರುತು ತಿಳಿದಿರಬೇಕು, ವೈದ್ಯರ ನೋಂದಣಿ ಸಂಖ್ಯೆ ಕಾಣಬೇಕು, ಮಾದಕ ಗುಣದ ಔಷಧಿಗಳನ್ನು ಹಾಗೆ ಬರೆಯಲೇಬಾರದು. ರೋಗಿಗಳಿಂದ ಫೇಸ್‌ಬುಕ್ ಸ್ನೇಹದ ಕೋರಿಕೆ ಬಂದರೆ, ಆಸ್ಪತ್ರೆಯ ದೂರವಾಣಿಗೆ ಕರೆ ಮಾಡುವಂತೆ ನಯವಾಗಿ ತಿಳಿಸುವುದು ಇಬ್ಬರಿಗೂ ಹಿತ.

ಕೊನೆಯದಾಗಿ, ಕೋಪದ ಹೊತ್ತಿನಲ್ಲಿ ಬರೆಯಬಾರದು. ರೋಗಿಯೊಬ್ಬರು ಜಾಲತಾಣದಲ್ಲಿ ವೈದ್ಯರನ್ನು ದೂರಿದರೆ, ‘ಇವರಿಗಿದ್ದ ರೋಗ ಇಂಥದು, ಇವರು ಹೀಗೆ ನಡೆದುಕೊಂಡರು’ ಎಂದು ಉತ್ತರಿಸುವ ಆಸೆ ಸಹಜ. ಆದರೆ ರೋಗಿ ತನ್ನ ಕತೆಯನ್ನು ತಾನೇ ಹೇಳಿಕೊಂಡರೂ ವೈದ್ಯರ ಮೌನದ ಕರ್ತವ್ಯ ಮುಗಿಯುವುದಿಲ್ಲ. ಆಸ್ಪತ್ರೆಯ ಮೂಲಕ ಅಥವಾ ವಕೀಲರ ಮೂಲಕ ಉತ್ತರಿಸುವುದೇ ದಾರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೌನವೇ ಎಲ್ಲ ಕಡೆಯೂ ಸದ್ಗುಣವೇ?

ಇಷ್ಟು ಓದಿದವರು, ‘ಹಾಗಾದರೆ ವೈದ್ಯರು ಜಾಲತಾಣಗಳನ್ನು ಬಿಟ್ಟೇಬಿಡಲಿ’ ಎನ್ನಬಹುದು. ನಮ್ಮ ಅಭಿಪ್ರಾಯ ಅದಲ್ಲ. ೨೦೧೯ರ ಡಿಸೆಂಬರ್ ೩೦ರಂದು ಚೀನಾದ ವುಹಾನ್ ನಗರದ ನೇತ್ರವೈದ್ಯ ಲೀ ವೆನ್‌ಲಿಯಾಂಗ್ ತಮ್ಮ ವೈದ್ಯಮಿತ್ರರ ಗುಂಪಿನಲ್ಲಿ ಸಾರ್ಸ್‌ನಂತಹ ಸೋಂಕು ಕಾಣಿಸಿಕೊಂಡಿದೆಯೆಂದು ಎಚ್ಚರಿಸಿದರು. ಕೆಲವೇ ಗಂಟೆಗಳಲ್ಲಿ ಆ ಸಂದೇಶದ ಸ್ಕ್ರೀನ್‌ಶಾಟ್ ಎಲ್ಲೆಡೆ ಹರಡಿತು. ಜನವರಿ ೩ರಂದು ಪೊಲೀಸರು ಅವರನ್ನು ಕರೆಸಿ ಛೀಮಾರಿ ಹಾಕಿ ಸಹಿ ಪಡೆದರು. ಅದೇ ಸೋಂಕು ತಗಲಿ ೨೦೨೦ರ ಫೆಬ್ರವರಿ ೭ರಂದು ಅವರು ತೀರಿಕೊಂಡರು. ಮಾರ್ಚ್‌ನಲ್ಲಿ ಪೊಲೀಸರು ಆ ಛೀಮಾರಿಯನ್ನು ಹಿಂತೆಗೆದುಕೊಂಡರು. ಈ ಒಂದು ಪ್ರಕರಣದಲ್ಲಿ ಎರಡು ಪಾಠಗಳಿವೆ. ಮುಚ್ಚಿದ ಗುಂಪು ಎಂಬುದು ಮುಚ್ಚಿದ ಕೋಣೆಯಲ್ಲ. ಹಾಗೆಯೇ, ಸಮಾಜಕ್ಕೆ ಅಪಾಯ ಬಂದಾಗ ಬಲ್ಲವರು ಬಾಯಿ ಮುಚ್ಚಿಕೊಳ್ಳುವುದು ಧರ್ಮವಲ್ಲ. ರೋಗದ ಬಗ್ಗೆ ಮಾತನಾಡಬೇಕು, ರೋಗಿಯ ಬಗ್ಗೆ ಮೌನವಾಗಿರಬೇಕು. ಈ ಎರಡರ ನಡುವಿನ ಗೆರೆಯನ್ನು ಪ್ರತಿ ಸಲವೂ ಹೊಸದಾಗಿ ಕಾಣುವುದನ್ನೇ ಅರಿಸ್ಟಾಟಲನು ವ್ಯವಹಾರ ವಿವೇಕವೆಂದು ಕರೆದನು.

ಕೋವಿಡ್ ಕಾಲದಲ್ಲಿ ಸುಳ್ಳು ಮದ್ದುಗಳ ಸಂದೇಶಗಳು ಮನೆಮನೆಗೆ ಬರುತ್ತಿದ್ದಾಗ, ಸರಳ ಕನ್ನಡದಲ್ಲಿ ಸತ್ಯವನ್ನು ತಿಳಿಸಿ ಜನರ ಭಯವನ್ನು ನೀಗಿಸಿದ ವೈದ್ಯರೂ ದಾದಿಯರೂ ಇದ್ದರು. ಅಂತಹವರು ಜಾಲತಾಣದಿಂದ ಹಿಂದೆ ಸರಿದರೆ ಆ ಜಾಗವನ್ನು ತುಂಬುವವರು ಯಾರೆಂಬುದನ್ನು ಹೇಳಬೇಕಿಲ್ಲ.

ಆ ತಾಯಿಯ ಪ್ರಶ್ನೆ

ಚಿತ್ರ ಹಾಕಿದ ಹುಡುಗಿಗೆ ಆಸ್ಪತ್ರೆಯಿಂದ ಕಾರಣ ಕೇಳುವ ನೋಟಿಸು ಬಂದಿತು. ಅವಳು ತಂದೆಯೊಡನೆ ನಮ್ಮ ಬಳಿಗೆ ಬಂದಳು. “ನಾನು ಹಲಗೆಯನ್ನು ನೋಡಲೇ ಇಲ್ಲ ಫಾದರ್” ಎಂದು ಅತ್ತಳು. ಅವಳ ಮಾತು ನಿಜವೆಂದು ನಾವು ನಂಬುತ್ತೇವೆ. ಆದರೆ ನೋಡದಿರುವುದೂ ಕೆಲವು ವೃತ್ತಿಗಳಲ್ಲಿ ತಪ್ಪೆನಿಸುತ್ತದೆ. ವಾಹನ ನಡೆಸುವವನು ‘ರಸ್ತೆಯನ್ನು ನೋಡಲಿಲ್ಲ’ ಎಂದರೆ ಸಾಲದಲ್ಲವೇ? ಅವಳಿಗೆ ನಾವು ಹೇಳಿದ್ದು ಅಷ್ಟೇ. ಮರುದಿನ ಅವಳು ಒಬ್ಬಳೇ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದಳೆಂದು ಬಳಿಕ ತಿಳಿಯಿತು. ಆ ತಾಯಿ ಅವಳಿಗೆ ಚಹಾ ಕೊಟ್ಟು, “ನೀನಾದರೂ ಬಂದೆಯಲ್ಲ ಮಗಾ” ಎಂದರಂತೆ.

‘ನೀನಾದರೂ’ ಎಂಬ ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತಿದೆ. ಕೆಂಪು ಗೆರೆ ಎಳೆದವರು ಬರಲಿಲ್ಲ. ಮುಂದೆ ಕಳುಹಿಸಿದವರು ಬರಲಿಲ್ಲ. ಆ ಚಿತ್ರ ಹರಿದಾಡಿದ ಗುಂಪಿನ ನಿರ್ವಾಹಕರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದೇ. ನಾವು ಆ ದಿನ ಚಿತ್ರವನ್ನು ನೋಡಿದ್ದೆವು, ದಾದಿಯರಿಗೆ ಶುಭಾಶಯವನ್ನೂ ಬರೆದಿದ್ದೆವು. ಅಷ್ಟೇ ಅಲ್ಲ. ವರ್ಷಗಳಿಂದ ಅದೇ ಗುಂಪಿನಲ್ಲಿ, ‘ನಮ್ಮ ವಾಳೆಯ ಇಂತಹವರಿಗೆ ಇಂತಹ ಕಾಯಿಲೆ, ಇಂತಹ ಆಸ್ಪತ್ರೆಯಲ್ಲಿದ್ದಾರೆ, ಪ್ರಾರ್ಥಿಸಿರಿ’ ಎಂದು ಹೆಸರು ರೋಗಗಳ ಸಮೇತ ಪ್ರಾರ್ಥನಾ ಕೋರಿಕೆಗಳನ್ನು ಹಾಕುತ್ತಿದ್ದವರೂ ನಾವೇ. ಪ್ರಾರ್ಥನೆಗೆ ರೋಗದ ಹೆಸರು ಬೇಕೇ? ದೇವರಿಗೆ ಅದು ಮೊದಲೇ ತಿಳಿದಿದೆ. ತಿಳಿಯಬೇಕೆಂಬ ಕುತೂಹಲ ನಮ್ಮದು.

ಆ ತಾಯಿಯ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಹೇಳಬಹುದಾದುದು ಇಷ್ಟು: ಗುಟ್ಟನ್ನು ಕಾಯುವ ಪ್ರತಿಜ್ಞೆ ಮಾಡಿದವಳ ಹೊಣೆ ದೊಡ್ಡದು. ಆದರೆ ಅವಳ ಕೈಯಿಂದ ಜಾರಿದ್ದನ್ನು ಹೆಕ್ಕಿಕೊಂಡು ಊರಿಗೆಲ್ಲ ಹಂಚಿದವರ ಹೊಣೆ ಚಿಕ್ಕದೆಂದು ಯಾರೂ ತಿಳಿಯದಿರಲಿ. ಅವಳು ನೋಡದೆ ಮಾಡಿದಳು, ನಾವು ನೋಡಿ ಮಾಡಿದೆವು.

ಈಗ ನಮ್ಮ ಗುಂಪಿನಲ್ಲಿ ಒಂದು ನಿಯಮವಿದೆ. ರೋಗಿ ಅಥವಾ ಮನೆಯವರು ಒಪ್ಪಿದರೆ ಮಾತ್ರ ಹೆಸರು. ರೋಗದ ಹೆಸರು ಎಂದಿಗೂ ಇಲ್ಲ. ಆಸ್ಪತ್ರೆಯೊಳಗಿನ ಚಿತ್ರಗಳು ಬಂದರೆ ಅಳಿಸಲಾಗುತ್ತದೆ. ಮೊದಮೊದಲು ಕೆಲವರು ಗೊಣಗಿದರು, ಈಗ ರೂಢಿಯಾಗಿದೆ. ನಿಮ್ಮ ಧರ್ಮಕೇಂದ್ರಗಳಲ್ಲಿ, ನಿಮ್ಮ ಕುಟುಂಬದ ಗುಂಪುಗಳಲ್ಲಿ ಹೀಗೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಆ ಹುಡುಗಿ ಎಚ್ಚರಿಕೆಯ ಪತ್ರದೊಂದಿಗೆ ಕೆಲಸದಲ್ಲಿ ಉಳಿದಿದ್ದಾಳೆ. ಅವಳ ವಾರ್ಡಿನಲ್ಲಿ ಆ ಬಿಳಿ ಹಲಗೆಯನ್ನು ಗೋಡೆಯಿಂದ ತೆಗೆದು ಒಳಕೋಣೆಯಲ್ಲಿ ಇರಿಸಿದ್ದಾರಂತೆ. ಆ ತಾಯಿಯ ಚಿಕಿತ್ಸೆ ಮುಂದು­ವರಿದಿದೆ. ಮಗಳ ಆ ಸಂಬಂಧ ಮಾತ್ರ ಮುಂದುವರಿಯಲಿಲ್ಲ. ಈಗ ತಿಂಗಳಿಗೊಮ್ಮೆ ಮಗಳೇ ಊರಿಗೆ ಬಂದು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಬಾಗಿಲಲ್ಲಿ ಅವರಿಬ್ಬರನ್ನು ಕಂಡರೆ, ಬಂಧುಗಳೇ, ಏನು ಕಾಯಿಲೆಯೆಂದು ಕೇಳಬೇಡಿರಿ. ಊಟವಾಯಿತೇ ಎಂದು ಕೇಳಿರಿ.